ಸಹಾಯ ಬೇಕು: ಟೆಕ್ಸಾಸ್ ಸರ್ಕಾರಿ ನೌಕರಿ, ಪ್ರಚಾರ ಮತ್ತು ಅಂಚೆ ಮತ

ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್ ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷವಷ್ಟೇ ಪೌರತ್ವ ಸಿಕ್ಕಿತು, ಇದು ನನ್ನ ಮೊದಲ ಓಟು!

ಗೆಳತಿಯೊಬ್ಬಳು ಸ್ಕೂಲ್ ಬೋರ್ಡ್ ಚುನಾವಣೆಗೆ ನಿಂತಿದ್ದಾಳೆ. ಶನಿವಾರ ಮನೆಮನೆಗೆ ಹೋಗಿ ಪ್ರಚಾರ ಮಾಡೋಣ ಅಂತಿದ್ದೇನೆ. ಆಫೀಸಿನ ಸಮಯ, ಇಮೇಲ್, ಪ್ರಿಂಟರ್ ಯಾವುದನ್ನೂ ಇದಕ್ಕೆ ಬಳಸುವಂತಿಲ್ಲ ಅನ್ನೋದು ಗೊತ್ತು. ನನ್ನ ಚಿಂತೆ ಬೇರೆ. ನನ್ನ ಸಂಬಳ ಪೂರ್ತಿ ಕೇಂದ್ರದ ಅನುದಾನದಿಂದ ಬರುತ್ತದೆ, ಹಾಗಾಗಿ ಸರ್ಕಾರಿ ನೌಕರರ ರಾಜಕೀಯ ಚಟುವಟಿಕೆಗೆ ಮಿತಿ ಹಾಕುವ 1939ರ ಹ್ಯಾಚ್ ಕಾಯ್ದೆ ನನಗೂ ಅನ್ವಯಿಸುತ್ತದೆ. ನಾನೇ ಪಕ್ಷದ ಟಿಕೆಟ್‌ನಲ್ಲಿ ನಿಲ್ಲುವಂತಿಲ್ಲ, ಸರಿ. ಆದರೆ ಬೇರೆಯವರ ಪರ ರಜಾದಿನ ಓಡಾಡಿದರೆ ತೊಂದರೆ ಇಲ್ಲ ಅಲ್ವಾ? ಮೇಲಧಿಕಾರಿ ಸುಮ್ನೆ ಹೆದರಿಸುತ್ತಿದ್ದಾರೋ ಏನೋ.

ಇನ್ನೊಂದು ವಿಷಯ. ಮುಂಗಡ ಮತದಾನದ ದಿನಗಳಲ್ಲೂ ಚುನಾವಣೆ ದಿನವೂ ನಾನು ಕೆಲಸದ ಮೇಲೆ ಬೇರೆ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಇರುತ್ತೇನೆ, ಹಾಗಾಗಿ ಅಂಚೆ ಮೂಲಕ ಓಟು ಹಾಕಬೇಕು. ಅದರ ಅರ್ಜಿ ಚುನಾವಣೆಗೆ 11 ದಿನ ಮೊದಲೇ ಚುನಾವಣಾ ಕಚೇರಿಗೆ ತಲುಪಿರಬೇಕಂತೆ, ಅಂಚೆಗೆ ಹಾಕಿದರೆ ಸಾಲದು. ಮತಪತ್ರ ಕೌಂಟಿಯ ಹೊರಗಿನ ವಿಳಾಸಕ್ಕೇ ಬರಬೇಕು. ನಾನು ಉಳಿಯೋದು ಹೋಟೆಲ್‌ನಲ್ಲಿ. ಹಾಗೆ ತರಿಸಿಕೊಂಡವರು ಯಾರಾದರೂ ಇದ್ದೀರಾ? ಕೈಗೆ ಸರಿಯಾಗಿ ಸಿಕ್ಕಿತಾ?