ಸಹಾಯ ಬೇಕು: ತಿಂಗಳಿಗೆ ದೊಡ್ಡಕ್ಷರ, ಋತುವಿಗೆ ಯಾಕಿಲ್ಲ?

ನಮಸ್ಕಾರ. ತಂಗಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ರಿವರ್ ರೂಢನಾಮ (ಒಂದು ಬಗೆಯ ಎಲ್ಲದಕ್ಕೂ ಸಲ್ಲುವ ಹೆಸರು), ನೈಲ್ ಅಂಕಿತನಾಮ (ಒಂದಕ್ಕೇ ಇಟ್ಟ ಹೆಸರು), ಅದಕ್ಕೆ ಮೊದಲ ಅಕ್ಷರ ದೊಡ್ಡದು, ಅಂದರೆ ಕ್ಯಾಪಿಟಲ್. ಇಷ್ಟು ಅವಳಿಗೆ ಬೇಗ ಅರ್ಥವಾಯಿತು. ‘ಮೈ ಮದರ್’ ಅಂದಾಗ ಸಣ್ಣ ಎಂ, ಅಮ್ಮನನ್ನೇ ‘ಮದರ್’ ಅಂತ ಕರೆದಾಗ ದೊಡ್ಡ ಎಂ. ಹೆಸರಿನ ಜಾಗದಲ್ಲಿ ಕೂತರೆ ಅಂಕಿತನಾಮ ಅಂತ ಅದನ್ನೂ ಬಿಡಿಸಿ ಹೇಳಿದೆ.

ಸಿಕ್ಕಿಬಿದ್ದಿರುವುದು ಇಲ್ಲಿ. ಮಂಡೇ, ಜನವರಿಗೆ ದೊಡ್ಡಕ್ಷರ. ಸಮ್ಮರ್, ವಿಂಟರ್‌ಗೆ ಮಾತ್ರ ಸಣ್ಣಕ್ಷರ. ಅವೂ ಹೆಸರುಗಳೇ ಅಲ್ವಾ? ‘ದಿ’ ಬರದಿದ್ದರೆ ಅಂಕಿತನಾಮ ಅಂತ ಪರೀಕ್ಷೆ ಮಾಡಿ ನೋಡಿದೆವು. ‘ದಿ ನೈಲ್’, ‘ದಿ ಹಿಮಾಲಯಾಸ್’ ಎದುರಾದವು, ಅದೂ ನಿಲ್ಲಲಿಲ್ಲ. ನಿಘಂಟಿನಲ್ಲಿ ಯಾವುದಕ್ಕೆ ದೊಡ್ಡಕ್ಷರ ಅಂತ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಸುಮ್ನೆ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ.

ತಿಂಗಳು ಅಂಕಿತನಾಮವಾದರೆ ಋತು ಯಾಕೆ ಅಲ್ಲ? ಕಲಿಸುವವರು ಯಾರಾದರೂ ಇದ್ದರೆ, ಮಕ್ಕಳಿಗೆ ಇದನ್ನು ಹೇಗೆ ವಿವರಿಸುತ್ತೀರಿ ಅಂತ ದಯವಿಟ್ಟು ತಿಳಿಸಿ.