ಪುಟ್ಟಿಯ ಮೊಣಕಾಲಿನ ವಿಷಯ, ಭಾವನಿಗೆ

ಭಾವ, ನಿಮ್ಮ ಮೆಸೇಜು ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಿಲ್ಲದೆ ಕೇಳಿ.

ವಾಲಿಬಾಲ್ ಮ್ಯಾಚಿನಲ್ಲಿ ಪುಟ್ಟಿ ಸ್ಮ್ಯಾಶ್ ಹೊಡೆದು ಇಳಿಯುವಾಗ ಮೊಣಕಾಲು ತಿರುಗಿತು, ಯಾರೂ ಅವಳನ್ನು ಮುಟ್ಟಿರಲಿಲ್ಲ. ಅದಕ್ಕೆ ನೀವು "ಗಮನವೇ ಇರಲಿಲ್ಲ, ಎಲ್ಲಾ ಆ ಮೊಬೈಲ್ ಮಾಡಿದ ಕೆಲಸ" ಎಂದಿರಿ. ದೊಡ್ಡಮ್ಮ ದೃಷ್ಟಿ ಎಂದರು. ದೃಷ್ಟಿ ತೆಗೆಯಿರಿ ದೊಡ್ಡಮ್ಮ, ಬೇಡ ಅನ್ನಲ್ಲ. ಆದರೆ ಮಗುವನ್ನು ಬೈಯುವುದು ಬೇಡ. ಫಿಸಿಯೋ ಕೆಲಸದಲ್ಲಿ ಇಂಥ ಮೊಣಕಾಲು ನನಗೆ ಹೊಸದಲ್ಲ.

ಗಮನ ಇತ್ತು ಭಾವ. ಚೆಂಡಿನ ಮೇಲಿತ್ತು. ಎದುರು ಬ್ಲಾಕ್ ಮಾಡಲು ಎದ್ದ ಹುಡುಗಿಯರ ಕೈ ಮೇಲಿತ್ತು. ನೀವು ಸೈಡಿನಲ್ಲಿ ನಿಂತು "ಲೈನಿಗೆ ಹೊಡಿ, ಲೈನಿಗೆ!" ಎಂದು ಕೂಗುತ್ತಿದ್ದಿರಲ್ಲ, ಅದರ ಮೇಲೂ ಒಂದಿಷ್ಟು ಇತ್ತು. ಕಾಲಿನ ಪಾಲಿಗೆ ಉಳಿದದ್ದು ಕಡಿಮೆ, ಅಷ್ಟೇ.

ಹೀಗೆ ತಿರುಗಿದಾಗ ಮೊಣಕಾಲಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಡುವ ಪಟ್ಟಿ, ಹರಿಯುವುದುಂಟು. ಅದು ಎಷ್ಟು ಬೇಗ ಹರಿಯುತ್ತದೆ ಗೊತ್ತಾ? ಹ್ಯಾಂಡ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೆ ಹೀಗೆ ಪೆಟ್ಟಾದ 10 ವಿಡಿಯೋ ಇಟ್ಟುಕೊಂಡು ಲೆಕ್ಕ ಹಾಕಿ ಸಂಶೋಧಕರು 2010ರಲ್ಲಿ ಬರೆದಿದ್ದಾರೆ. ಪಾದ ನೆಲಕ್ಕೆ ತಾಗಿ ಸುಮಾರು 40 ಮಿಲಿಸೆಕೆಂಡಿಗೆ, ಅಂದರೆ ಒಂದು ಸೆಕೆಂಡನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ, ಕಥೆ ಮುಗಿದಿರುತ್ತದೆ. ನಾವು ಏನನ್ನಾದರೂ ನೋಡಿ ಮೈ ಅಲುಗಿಸಲು ಅದರ ನಾಲ್ಕೈದು ಪಟ್ಟು ಹೊತ್ತು ಬೇಕು. ಹಾಗಾಗಿ ಕಾಲು ತಿರುಗುತ್ತಿದೆ ಎಂದು ಗೊತ್ತಾದ ಮೇಲೆ ಸರಿಮಾಡಿಕೊಳ್ಳುವುದು ಆಗದ ಮಾತು. ಇನ್ನೂ ಗಾಳಿಯಲ್ಲಿರುವಾಗಲೇ ತೊಡೆಯ ಹಿಂದಿನ ಸ್ನಾಯು, ಸೊಂಟದ ಸ್ನಾಯು ಬಿಗಿಯಾಗಿ ಕಾಯುತ್ತಿರಬೇಕು. ಆ ತಯಾರಿ ಮಾಡಿಸುವುದು ಮೆದುಳು. ಅದಕ್ಕೆ ಬೇರೆ ಕೆಲಸ ಜಾಸ್ತಿ ಆದರೆ ಮೊಣಕಾಲು ಸಾಕಷ್ಟು ಮಡಚುವುದಿಲ್ಲ, ಒಳಗಡೆಗೆ ಬಾಗುತ್ತದೆ, ಮೈ ಒಂದು ಪಕ್ಕಕ್ಕೆ ವಾಲುತ್ತದೆ.

ಆಸ್ಟ್ರೇಲಿಯಾದವರು 2001ರಲ್ಲೇ ಇನ್ನೊಂದು ತೋರಿಸಿದ್ದರು. ಓಡುತ್ತಾ ಬಂದವರು ಸರಕ್ಕನೆ ಪಕ್ಕಕ್ಕೆ ತಿರುಗಬೇಕು. ಯಾವ ಕಡೆ ಎಂದು ಮೊದಲೇ ಹೇಳಿದ್ದರೆ ತೊಂದರೆ ಕಡಿಮೆ. ಕೊನೇ ಗಳಿಗೆಯಲ್ಲಿ ಹೇಳಿದರೆ ಮೊಣಕಾಲನ್ನು ತಿರುಚುವ, ಪಕ್ಕಕ್ಕೆ ಬಗ್ಗಿಸುವ ಒತ್ತಡ ಎರಡು ಪಟ್ಟಿನವರೆಗೂ ಏರಿತು. ಅದೇ ಕಾಲು, ಅದೇ ಶೂ! ನೀವು ಸುಮ್ನೆ ಹೊಸ ಶೂಗೆ ದುಡ್ಡು ಹಾಕಲು ಹೊರಟಿದ್ದೀರಿ.

ಇನ್ನು ಪರೀಕ್ಷೆ. ಅಮೆರಿಕದ ಮಿಸ್ಸೌರಿಯಲ್ಲಿ ಕಾಲೇಜು ಫುಟ್‌ಬಾಲ್ ಹುಡುಗರನ್ನು ಗಮನಿಸಿದ್ದರು, ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಗುದ್ದಾಡುವುದು. ಪರೀಕ್ಷೆಯ ವಾರಗಳಲ್ಲಿ ಅವರಿಗೆ ಪೆಟ್ಟು ಜಾಸ್ತಿ ಆಗುತ್ತಿತ್ತು. ಪುಟ್ಟಿಗೆ ಮರುದಿನ ಫಿಸಿಕ್ಸ್ ಇತ್ತು, ರಾತ್ರಿ ನಿದ್ದೆ ಇರಲಿಲ್ಲ. ಅದಕ್ಕೇ ಆಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೂ ಅಂಥ ವಾರ ಜಿಗಿತ ಕಡಿಮೆ ಮಾಡಿಸಿ ಎಂದು ಕೋಚಿಗೆ ಹೇಳಲು ನಾಚಿಕೆ ಯಾಕೆ? ಜ್ವರ ಬಂದರೆ ಹೇಳುತ್ತೀರಿ ಅಲ್ವಾ?

ಆಪರೇಷನ್ ಬೇಕೋ ಬೇಡವೋ ಎಂಆರ್‌ಐ ನೋಡಿ ಡಾಕ್ಟರು ಹೇಳುತ್ತಾರೆ. ನನ್ನ ಚಿಂತೆ ಆಮೇಲಿನದು. ಲಿಗಮೆಂಟ್ ಹರಿದವರು ಕಾಲನ್ನು ಕಣ್ಣಿನಿಂದಲೇ ಕಾಯುವ ಅಭ್ಯಾಸ ಮಾಡಿಕೊಂಡುಬಿಡುತ್ತಾರೆ. ಕನ್ನಡಿ ಮುಂದೆ ವ್ಯಾಯಾಮ ಬಹಳ ಚೆನ್ನಾಗಿ ಮಾಡುತ್ತಾರೆ. ಕೋರ್ಟಿಗೆ ಇಳಿದರೆ ಕಣ್ಣು ಚೆಂಡಿಗೆ ಬೇಕು, ಆಗ ಕಾಲನ್ನು ನೋಡುವವರು ಯಾರು? ಹಾಗಾಗಿ ತೊಡೆ, ಸೊಂಟದ ಬಲ ಬಂದ ಮೇಲೆ ತಲೆಗೂ ಕೆಲಸ ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಒಂದು ಕಾಲಲ್ಲಿ ನಿಂತು ಚೆಂಡು ಹಿಡಿಯುವುದು. 100ರಿಂದ ಏಳೇಳು ಕಳೆಯುತ್ತಾ ಹಾರಿ ಇಳಿಯುವುದು. ನಾನು ಬಣ್ಣ ಕೂಗಿದ ಕಡೆಗೆ ತಟ್ಟನೆ ತಿರುಗುವುದು. ನೋಡಿದವರಿಗೆ ಮಕ್ಕಳಾಟ ಅನಿಸುತ್ತದೆ. "ಇದಕ್ಕೆ ಫೀಸು ಬೇರೆ" ಎಂದು ತಮಾಷೆ ಮಾಡುವವರು ಈಗಲೇ ಮಾಡಿ ಮುಗಿಸಿ.

ಭಾವ, ರಿಪೋರ್ಟ್ ಬಂದರೆ ಗ್ರೂಪಿಗೆ ಹಾಕಬೇಡಿ, ಹತ್ತು ಜನ ಹತ್ತು ಥರ ಹೇಳುತ್ತಾರೆ. ನನಗೆ ಬೇರೆಯಾಗಿ ಕಳಿಸಿ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ನೀವುವುದು, ಕಾಲು ಎಳೆಸುವುದು ಯಾವುದೂ ಬೇಡ. ಐಸ್ ಇಡುವಾಗ ಬಟ್ಟೆ ಸುತ್ತಿ ಇಡಿ.