ಅಪ್‌ಡೇಟ್: ಜರ್ಮನ್ ವಾಹನಪದಗಳು ಕೊನೆಗೂ ನೆನಪಿನಲ್ಲಿ ನಿಲ್ಲುತ್ತಿವೆ

ನಾಮಪದದ ಲಿಂಗ ಸೂಚಿಸುವ ದೇರ್ (ಪುಲ್ಲಿಂಗ), ದೀ (ಸ್ತ್ರೀಲಿಂಗ), ದಾಸ್ (ನಪುಂಸಕಲಿಂಗ) ಗೊಂದಲದಲ್ಲಿ ವಾಹನಗಳ ಹೆಸರು ನೆನಪಿಡುವುದು ಹೇಗೆಂದು ತಿಂಗಳ ಹಿಂದೆ ಕೇಳಿದ್ದೆ. ‘ಸಮಾಸಪದದ ಕೊನೆಯ ಭಾಗ ನೋಡಿ’ ಎಂದವರಿಗೆ ಕೈಮುಗಿಯುತ್ತೇನೆ. ಬಾನ್ (ರೈಲು) ಸ್ತ್ರೀಲಿಂಗ, ಹಾಗಾಗಿ ಊ-ಬಾನ್ (ಮೆಟ್ರೊ), ಎಸ್-ಬಾನ್ (ಉಪನಗರ ರೈಲು), ಶ್ಟ್ರಾಸೆನ್‌ಬಾನ್ (ಟ್ರಾಮ್) ಎಲ್ಲಕ್ಕೂ ದೀ. ನಿಲ್ದಾಣ ಮಾತ್ರ ದೇರ್ ಬಾನ್‌ಹೋಫ್, ಅಲ್ಲಿ ಕೊನೆಗಿರುವುದು ಪುಲ್ಲಿಂಗದ ಹೋಫ್. ದಾಸ್ ಆಟೋ ಎಂದರೆ ಕಾರು, ನಮ್ಮ ಮೂರು ಚಕ್ರದ್ದಲ್ಲ.

ಮೊನ್ನೆ ಮ್ಯೂನಿಕ್‌ನ ಪ್ಲಾಟ್‌ಫಾರ್ಮಿನಲ್ಲಿ ಒಂದು ಹಾಳೆ ಅಂಟಿಸಿದ್ದರು: ಶೀನೆನ್‌ಎರ್ಸಾತ್ಸ್‌ಫೆರ್ಕೇರ್. ಶೀನೆ ಹಳಿ, ಎರ್ಸಾತ್ಸ್ ಬದಲಿ, ಫೆರ್ಕೇರ್ ಸಂಚಾರ. ಬಿಡಿಸಿ ಓದಿ, ಯಾರನ್ನೂ ಕೇಳದೆ ಹೊರಗೆ ಬಂದು ಬದಲಿ ಬಸ್ ಹತ್ತಿದೆ. ಎಷ್ಟು ಸಂತೋಷವಾಯಿತೆಂದು ಹೇಳಲಾರೆ!

ಇನ್ನುಳಿದ ತೊಡಕು ವಿಭಕ್ತಿಯದು. ದೇರ್ ಬುಸ್, ‘ಬಸ್ಸಿನಲ್ಲಿ’ ಎನ್ನುವಾಗ ‘ಮಿಟ್ ದೇಮ್ ಬುಸ್’ ಆಗುತ್ತದೆ. ಅದನ್ನು ಇಡಿಯಾಗಿ ಬಾಯಿಪಾಠ ಮಾಡುತ್ತಿದ್ದೇನೆ.